ಚೂಡಾಮಣಿಯ ಮಹಡಿಯ ಹವಾಮಾನ

ಮದುವೆಯಾಗಿ ಜರಗನಹಳ್ಳಿ ಪಕ್ಕದ ಈ ಮನೆಗೆ ಬಂದ ಮೂವತ್ನಾಲ್ಕು ವರ್ಷಗಳಲ್ಲಿ, ನಾಳೆ ಮಳೆ ಬರುತ್ತದೋ ಇಲ್ಲವೋ ಎಂದು ಚೂಡಾಮಣಿಯನ್ನು ಯಾರೂ ಕೇಳಿರಲಿಲ್ಲ.

ಹೇಳುವವರಿಗೆ ಮನೆಯಲ್ಲಿ ಬರವಿರಲಿಲ್ಲ. ಮೊದಲು ಮಾವನವರು. ಪಂಚಾಂಗ ಬಿಡಿಸಿ, ಕನ್ನಡಕ ಏರಿಸಿ, "ರೇವತಿ ಮಳೆ ಈ ಸಲ ಕಾಣೆನಮ್ಮ, ಧೈರ್ಯವಾಗಿ ಸಂಡಿಗೆ ಹಾಕು" ಎನ್ನುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸಕ್ಕೆ ಅವರ ಮಗ, ಚೂಡಾಮಣಿಯ ಗಂಡ, ರಾಮಪ್ರಸಾದ ಬಂದ. ಬ್ಯಾಂಕಿನಿಂದ ನಿವೃತ್ತನಾದವನು, ಬೆಳಿಗ್ಗೆ ಎದ್ದೊಡನೆ ಫೋನಿನಲ್ಲಿ ಹವಾಮಾನ ನೋಡಿ ಪಾರ್ಕಿಗೆ ಹೋಗಿ ಎಲ್ಲರಿಗೂ ಹೇಳಿ ಬರುವವನು. ವಾಕಿಂಗ್ ಗೆಳೆಯರು ಅವನಿಗೆ ವೆದರ್ ಪ್ರಸಾದ್ ಎಂದೇ ಹೆಸರಿಟ್ಟಿದ್ದರು. ತಂದೆಯಿಂದ ಮಗನ ಕಾಲಕ್ಕೆ ಪಂಚಾಂಗ ಹೋಗಿ ಫೋನು ಬಂದಿತ್ತು, ಅಷ್ಟೇ. ಹೇಳುವವರು ಕೆಳಗೆ ಕುರ್ಚಿಯಲ್ಲಿ, ಹಾಕುವವಳು ಮಹಡಿಯ ಮೇಲೆ ಎಂಬ ಏರ್ಪಾಟು ಹಾಗೆಯೇ ಇತ್ತು.

ಸಂಡಿಗೆ ಮಾಡುವುದು ಬಿಸಿಲು ಎಂದು ತಿನ್ನುವವರು ತಿಳಿದಿರುತ್ತಾರೆ. ಬಿಸಿಲಿಗಿಂತ ಮುಂಚೆ ಎದ್ದವರು ಯಾರು ಎಂದು ಅವರು ಕೇಳುವುದಿಲ್ಲ. ಅಕ್ಕಿ ಎರಡು ದಿನ ನೆನೆಯಬೇಕು. ಆಮೇಲೆ ರುಬ್ಬಬೇಕು. ನಸುಕಿನಲ್ಲಿ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪು, ಇಂಗು, ಅರೆದ ಹಸಿಮೆಣಸಿನಕಾಯಿ ಹಾಕಿ, ರುಬ್ಬಿದ್ದನ್ನು ಸುರಿದು, ಗಂಟು ಕಟ್ಟದ ಹಾಗೆ ಮರದ ಸೌಟಿನಿಂದ ತಿರುವುತ್ತಲೇ ಇರಬೇಕು. ರೆಟ್ಟೆ ಬಿದ್ದುಹೋಗುತ್ತದೆ. ಬೆಂದ ಹಿಟ್ಟಿನ ಪಾತ್ರೆ ಹೊತ್ತು ನಲವತ್ತೆರಡು ಮೆಟ್ಟಿಲು ಹತ್ತಬೇಕು. ಹಿಟ್ಟು ಬಿಸಿಯಿರುವಾಗಲೇ ಚಕ್ಕುಲಿ ಒರಳಿಗೆ ತುಂಬಿ ಒತ್ತಬೇಕು, ಆರಿದರೆ ಒರಳಿನಿಂದ ಇಳಿಯುವುದಿಲ್ಲ. ಒಮ್ಮೆ ಬೇಯಿಸಿದ ಮೇಲೆ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ.

"ನಾಳೆ ಹಾಕು" ಎನ್ನಲು ಎರಡು ಮಾತು ಸಾಕು. ಆ ಎರಡು ಮಾತಿನ ಬೆಲೆ ಅವಳ ಮೂರು ದಿನ.

ಬಿಸಿಲು ಬಂದರೆ ರಾಮಪ್ರಸಾದ "ನಾನು ಹೇಳಿರ್ಲಿಲ್ವಾ?" ಎನ್ನುತ್ತಿದ್ದ. ಮಳೆ ಬಂದು ತೊಯ್ದರೆ "ಸ್ವಲ್ಪ ಬೇಗ ತೆಗೀಬೇಕಿತ್ತು ಚೂಡಾ" ಎನ್ನುತ್ತಿದ್ದ. ಅಂತೂ ಬಿಸಿಲು ಅವನದು, ಮಳೆ ಅವಳದು.

ಮೊದಲೆಲ್ಲ ಇದರಿಂದ ಹೆಚ್ಚು ತೊಂದರೆಯಾಗುತ್ತಿರಲಿಲ್ಲ. ಯುಗಾದಿಯ ಆಚೀಚೆ ಒಂದೆರಡು ಮಳೆ ಬಿದ್ದು, ಮಾವಿನಕಾಯಿ ತೊಳೆದು ಹೋದರೆ ಮುಗಿಯಿತು. ಈಚಿನ ವರ್ಷಗಳಲ್ಲಿ ಆ ಲೆಕ್ಕವೆಲ್ಲ ಕೆಟ್ಟಿತ್ತು. ಒಂದು ವರ್ಷ ಏಪ್ರಿಲ್ ಪೂರ್ತಿ ಹನಿಯೇ ಬೀಳಲಿಲ್ಲ. ಮಹಡಿಯ ಮೇಲೆ ಕಾಲಿಟ್ಟರೆ ಬೊಬ್ಬೆ ಏಳುವಂಥ ಬಿಸಿಲು, ಆದರೆ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುವ ಮನೆಯಲ್ಲಿ ಹಿಟ್ಟು ಬೇಯಿಸಲು ನೀರೆಲ್ಲಿ? ಮುಂದಿನ ವರ್ಷ ನೋಡಿದರೆ ಬೇಸಿಗೆಯೇ ಮಳೆಗಾಲವಾಯಿತು. ಸಂಡಿಗೆ ಎರಡು ಸಲ ಅಂಟಾಗಿ ಬಚ್ಚಲಿಗೆ ಹೋಯಿತು. "ಅಂಗಡಿಯಿಂದ ತಂದ್ರಾಯ್ತು ಬಿಡು, ಯಾಕೆ ಒದ್ದಾಡ್ತೀಯ" ಎಂದ ರಾಮಪ್ರಸಾದ. ದಿನವೂ ಅನ್ನ, ಸಾರು, ಪಾತ್ರೆ, ನೆಲ ಎಂದು ಒದ್ದಾಡುವಾಗ ಈ ಮಾತು ಅವನ ಬಾಯಿಂದ ಎಂದೂ ಬಂದಿರಲಿಲ್ಲ. ಬೇಕಾದರೆ ಆ ಎಲ್ಲವನ್ನೂ ಬಿಟ್ಟಾಳು ಚೂಡಾಮಣಿ. ಸಂಡಿಗೆ ಮಾತ್ರ ಅವಳು ಇಷ್ಟಪಟ್ಟು ಕಲಿತ ವಿದ್ಯೆ.

ಈ ವರ್ಷ ಆ ವಿದ್ಯೆಗೊಂದು ಪರೀಕ್ಷೆ ಬಂತು. ಜಯನಗರದಲ್ಲಿ ಕಾಂಡಿಮೆಂಟ್ಸ್ ಅಂಗಡಿ ಇಟ್ಟಿರುವ ನಿಂಗರಾಜ ಯಾರದೋ ಮನೆಯ ಊಟದಲ್ಲಿ ಅವಳ ಸಂಡಿಗೆ ತಿಂದವನು, ವಿಳಾಸ ಹುಡುಕಿಕೊಂಡು ಬಂದ.

"ಅಮ್ಮ, ಬಸವ ಜಯಂತಿ ದಿನ ಬಿಟಿಎಂನಲ್ಲಿ ಇನ್ನೊಂದು ಅಂಗಡಿ ತೆಗೀತಿದ್ದೀನಿ. ಅವತ್ತಿಗೆ ಇಪ್ಪತ್ತು ಕಿಲೋ ಕೊಡ್ತೀರಾ? ಸರಿಯಾಗಿ ಬಂದ್ರೆ ವರ್ಷಾವಧಿ ನಿಮ್ಮದೇ ಇಡ್ತೀನಿ. ಬರ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ತುಮಕೂರಿನವರು ಒಬ್ಬರು ಕೇಳ್ತಿದ್ದಾರೆ, ಅವರಿಗೆ ಕೊಟ್ಟುಬಿಡ್ತೀನಿ."

"ಕೊಡ್ತೀನಿ" ಎಂದಳು ಚೂಡಾಮಣಿ. ಒಳಗಿನಿಂದ ರಾಮಪ್ರಸಾದ ಕೆಮ್ಮಿದ. ಅವಳಿಗೆ ಅದು ಕೇಳಿಸಲಿಲ್ಲ.

ಒಬ್ಬಳಿಂದ ಆಗುವ ಕೆಲಸವಲ್ಲವಾದ್ದರಿಂದ ಮೊದಲ ಮಹಡಿಯ ಬಾಡಿಗೆ ಮನೆಯ ದುಂಡವ್ವನನ್ನು ಕೇಳಿದಳು. ದುಂಡವ್ವ ಬಾಗಲಕೋಟೆ ಕಡೆಯವಳು. ಆಫೀಸಿಗೆ ಹೋಗುವ ಮಗಳು ಪ್ರಿಯಾಂಕಾಳಿಗೆ ಅಡುಗೆ ಮಾಡಿಕೊಂಡಿರಲು ಬಂದು, ಹಗಲೆಲ್ಲ ಗೋಡೆ ನೋಡಿ ಬೇಸತ್ತಿದ್ದಳು.

"ಬರ್ತೀನ್ರೀ ಅಕ್ಕಾರ. ಸುಮ್ನ ಕುಂತು ಕುಂತು ಕಾಲು ಜೋಮು ಹಿಡದಾವು" ಎಂದಳು. "ಆದ್ರ ನಿಮ್ಮೂರ ಬಿಸಲ ನಂಬಾಕ ಆಗಂಗಿಲ್ಲ. ನಮ್ಮ ಕಡೆ ಬಿಸಲಂದ್ರ ಬಿಸಲು. ಇಲ್ಲಿ ಮುಂಜಾನೆ ನಗತೈತಿ, ಮಧ್ಯಾಹ್ನ ಅಳತೈತಿ."

ಮೊದಲ ಏಳು ಕಿಲೋ ಅಕ್ಕಿಗೆ ರಾಮಪ್ರಸಾದನೇ ದಿನ ಗೊತ್ತು ಮಾಡಿದ. ಫೋನು ಎತ್ತಿ ತೋರಿಸಿದ. ದುಂಡನೆಯ ಹಳದಿ ಸೂರ್ಯ, ಮೋಡದ ಚೂರೂ ಇಲ್ಲ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಇಬ್ಬರೂ ಪ್ಲಾಸ್ಟಿಕ್ ಹಾಳೆಯ ಮೇಲೆ ಒತ್ತಿದರು. ಮೂರು ಗಂಟೆಗೆ ಕನಕಪುರ ರಸ್ತೆಯ ಕಡೆಯಿಂದ ಎದ್ದ ಗಾಳಿ ತೆಂಗಿನ ಗರಿಗಳನ್ನು ಒಂದೇ ಕಡೆಗೆ ಬಾಚಿತು. ಮೂರೂ ಹತ್ತಕ್ಕೆ ಆಲಿಕಲ್ಲಿನ ಜೊತೆ ಮಳೆ. ನೆಲಕ್ಕೆ ಹಾಸಿ ಕಲ್ಲು ಹೇರಿದ ಹಾಳೆಯನ್ನು ಎತ್ತುವುದಾದರೂ ಹೇಗೆ? ಎತ್ತಿದ ಮೂಲೆಯಿಂದ ಹಸಿ ಸಂಡಿಗೆಯೆಲ್ಲ ನಡುವಿಗೆ ಜಾರಿ ಒಂದೇ ಮುದ್ದೆಯಾಯಿತು.

ತಲೆಯಿಂದ ನೀರು ಸುರಿಸಿಕೊಂಡು ಇಬ್ಬರೂ ಕೆಳಗೆ ಬಂದಾಗ ರಾಮಪ್ರಸಾದ ಕಿಟಕಿಯನ್ನೂ ಫೋನನ್ನೂ ನೋಡುತ್ತ ನಿಂತಿದ್ದ.

"ಏನಾಶ್ಚರ್ಯ ನೋಡು! ಇದ್ರಲ್ಲಿ ಈಗಲೂ ಬಿಸಿಲು ಅಂತಾನೇ ಇದೆ."

"ಹಂಗಾರ ಮ್ಯಾಲೆ ಹೋಗ್ರೀ ಸಾಹೇಬ್ರ, ಫೋನ್ ಹಿಡಕೊಂಡು ನಿಂದರ್ರಿ. ಒಣಗತೀರಿ" ಎಂದು ದುಂಡವ್ವ ಸೆರಗು ಹಿಂಡಿದಳು.

ಅಷ್ಟರಲ್ಲಿ ಮಗಳು ಸಂಹಿತಾಳ ಫೋನು. ಅವಳಿಗೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೆಲಸ. ಶಿಫ್ಟ್ ಮುಗಿಸಿ ಬಸ್ಸಿಗೆ ನಿಂತಿದ್ದಳು.

"ಅಮ್ಮ, ನಿಮ್ಮ ಕಡೆ ಮಳೆಯಂತೆ? ಇಲ್ಲಿ ಸಖತ್ ಬಿಸಿಲು, ತಲೆ ಸುಡ್ತಿದೆ."

ಚೂಡಾಮಣಿ ತನ್ನ ಫೋನನ್ನು ಕಿವಿಗೆ ಹಿಡಿದೇ ಗಂಡನತ್ತ ತಿರುಗಿದಳು. ಅವನ ಕೈಯಿಂದ ಫೋನು ತೆಗೆದುಕೊಂಡು ಆ ಹಳದಿ ಸೂರ್ಯನ ಮೇಲಿದ್ದ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು. ಅಲ್ಲಿ ಇದ್ದದ್ದು ದೇವನಹಳ್ಳಿ ಎಂದು.

ಆಗ ರಾಮಪ್ರಸಾದನಿಗೂ ನೆನಪಾಯಿತು, ಹೇಳಿಯೂ ಬಿಟ್ಟ. ಐದು ವರ್ಷದ ಹಿಂದೆ ಸಂಹಿತಾ ಕೆಲಸಕ್ಕೆ ಸೇರಿದಾಗ, ಮಗಳು ಹೊರಗೆ ಬರುವ ಹೊತ್ತಿಗೆ ಅಲ್ಲಿ ಮಳೆಯಿದೆಯೋ, ಕೊಡೆ ಹಿಡಿಯಲು ಹೇಳಬೇಕೋ ಎಂದು ನೋಡಲು ಅವನೇ ಊರು ಬದಲಿಸಿದ್ದ. ಮತ್ತೆ ತಿರುಗಿಸಲು ಮರೆತಿದ್ದ. ಅಂದಿನಿಂದ ಪಾರ್ಕಿಗೆ, ಬೀದಿಗೆ, ಮನೆಯ ಮಹಡಿಗೆ ಅವನು ಹೇಳಿದ್ದೆಲ್ಲ ನಲವತ್ತು ಚಿಲ್ಲರೆ ಕಿಲೋಮೀಟರ್ ಆಚೆಯ ಹವಾಮಾನ.

"ಅಪ್ಪ! ಐದು ವರ್ಷ ಅಮ್ಮ ವಿಮಾನ ಇಳಿಯೋ ಟೈಮ್ ನೋಡಿ ಸಂಡಿಗೆ ಹಾಕಿದ್ದಾಳಾ?" ಎಂದು ಸಂಹಿತಾ ಅತ್ತಲಿಂದ ತಡೆಯಲಾರದೆ ನಕ್ಕಳು.

ಚೂಡಾಮಣಿಗೆ ಗಂಡನ ಮೇಲೆ ಬರಬೇಕಾದಷ್ಟು ಸಿಟ್ಟು ಬರಲಿಲ್ಲ. ಮಗಳ ಕೊಡೆಗೆಂದು ಮಾಡಿದ ಕೆಲಸ ಅದು. ಆದರೆ ಒಂದು ಮಾತು ಮಾತ್ರ ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿತು. ತಲೆಯ ಮೇಲಿನ ಮಹಡಿಯಲ್ಲಿ ಹೆಂಡತಿ ಒಣಹಾಕುತ್ತಾಳೆ, ಅಲ್ಲಿ ಮಳೆ ಬರುತ್ತದೋ ನೋಡೋಣ ಎಂದು ಯಾರ ಫೋನಿನಲ್ಲೂ ಯಾರೂ ಏನೂ ಬದಲಿಸಿರಲಿಲ್ಲ.

ಊರು ಸರಿಪಡಿಸಿದರೆ ಇನ್ನೊಂದು ಫಜೀತಿ. ಈಗ ಫೋನು ಮುಂದಿನ ಎಂಟು ದಿನವೂ ಮೋಡದ ಚಿತ್ರ ತೋರಿಸುತ್ತಿತ್ತು. ಪ್ರತಿ ಮೋಡದ ಕೆಳಗೂ ಐವತ್ತು, ಅರವತ್ತು, ಅರವತ್ತು. ಬಸವ ಜಯಂತಿಗೆ ಉಳಿದದ್ದು ಹತ್ತೇ ದಿನ.

"ಶೇಕಡ ಅರವತ್ತು ಅಂದ್ರೆ ಮಳೆ ಬಂದ ಹಾಗೇನೇ. ನಿಂಗರಾಜನಿಗೆ ಆಗಲ್ಲ ಅಂತ ನಾನೇ ಹೇಳ್ಬಿಡ್ಲಾ?" ಎಂದ ರಾಮಪ್ರಸಾದ. ತಪ್ಪು ಸರಿಪಡಿಸುವ ಅವಸರ ಅವನಿಗೆ.

"ನೀವು ಆ ಫೋನ್ ಮುಟ್ಟಬೇಡಿ" ಎಂದಳು ಚೂಡಾಮಣಿ. "ಒಂದು ಅಕ್ಕಿ ಡಬ್ಬ ಹಿಡ್ಕೊಳ್ಳಿ ಬನ್ನಿ."

ಅವಳು ಅಡುಗೆಮನೆಯ ಕಪಾಟು ಖಾಲಿ ಮಾಡತೊಡಗಿದಳು. ಅಕ್ಕಿ, ಬೇಳೆ, ರಾಗಿಹಿಟ್ಟಿನ ಡಬ್ಬಗಳೆಲ್ಲ ನೆಲಕ್ಕೆ ಇಳಿದವು. ಅವುಗಳ ಅಡಿಯಲ್ಲಿ ಹಾಸಿದ್ದದ್ದು ಹಳೆಯ ಕ್ಯಾಲೆಂಡರಿನ ಹಾಳೆಗಳು. ಎಲ್ಲ ಮನೆಗಳಂತೆ ಆ ಮನೆಯಲ್ಲೂ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಬರೆಯುತ್ತಿದ್ದವಳು ಹೆಂಗಸು. ಸಿಲಿಂಡರ್ ಬಂದ ದಿನ, ಹಾಲು ಬೇಡವೆಂದ ದಿನ, ಸಂಹಿತಾಳ ಜ್ವರ. ಅವುಗಳ ನಡುವೆ ಸಣ್ಣದಾಗಿ, "ಮಳೆ 3.30", "ಮಳೆ 4.15". ಗಂಡನಿಗೆ ಉತ್ತರ ಕೊಡಲೆಂದು ಅವಳು ಹೊತ್ತು ಬರೆದಿಟ್ಟಿದ್ದಳು: ಮೂರೂವರೆಗೆ ಬಂತು, ಮೂರೂ ಇಪ್ಪತ್ತಕ್ಕೇ ನಾನು ಮೇಲಿದ್ದೆ ಎಂದು. ಆ ಜಗಳವನ್ನು ಅವಳು ಯಾವತ್ತೂ ಆಡಲಿಲ್ಲ. ಸಾಕ್ಷಿ ಮಾತ್ರ ಏಳು ವರ್ಷದ್ದು ಬೇಳೆ ಡಬ್ಬದ ಕೆಳಗೆ ಉಳಿದಿತ್ತು.

ಎಣ್ಣೆ ಜಿಡ್ಡು ಒರೆಸಿ, ಮಾರ್ಚ್ ಏಪ್ರಿಲ್ ಹಾಳೆಗಳನ್ನೆಲ್ಲ ನಡುಮನೆಯಲ್ಲಿ ಹಾಸಿದರು. ರಾಮಪ್ರಸಾದ ಓದಿದ, ಅವಳು ಗೆರೆ ಹಾಕಿದಳು. ಐವತ್ತೆರಡು ಮಳೆ. ಮಧ್ಯಾಹ್ನ ಎರಡಕ್ಕೆ ಮುಂಚೆ ಬಂದದ್ದು ಅವುಗಳಲ್ಲಿ ನಾಲ್ಕು.

"ನೋಡಿ. ಅರವತ್ತು ಅನ್ನೋದು ಸುಳ್ಳಲ್ಲ. ಹತ್ತು ದಿನಕ್ಕೆ ಆರು ದಿನ ಮಳೆ ಬರುತ್ತೆ. ಆದ್ರೆ ನಮ್ಮ ಮಹಡಿಗೆ ಎರಡು ಗಂಟೆ ಮೇಲೆ ಬರುತ್ತೆ" ಎಂದಳು. "ಇಷ್ಟು ವರ್ಷ ಎಂಟು ಗಂಟೆಗೆ ಹಾಕಿ ಐದಕ್ಕೆ ತೆಗೀತಿದ್ವಿ. ಯಾಕೆ ಎಂಟು? ನಿಮ್ಮ ಕಾಫಿ, ತಿಂಡಿ, ಸ್ನಾನದ ನೀರು ಎಲ್ಲ ಮುಗಿಸಿ ಮೇಲೆ ಹೋಗೋಷ್ಟರಲ್ಲಿ ಎಂಟಾಗ್ತಿತ್ತು. ಇನ್ಮೇಲೆ ಆರಕ್ಕೆ ಹಾಕ್ತೀನಿ, ಎರಡಕ್ಕೆ ತೆಗೀತೀನಿ."

"ಮತ್ತೆ ತಿಂಡಿ?"

"ಅದನ್ನೂ ಫೋನಲ್ಲಿ ನೋಡಿ, ಏನು ತೋರಿಸುತ್ತೋ."

ಇನ್ನು ಉಳಿದದ್ದು ಆ ನಾಲ್ಕು ಮಳೆ. ಅವೂ ಬರುವವೇ. ಬಂದರೆ ಏನು ಮಾಡುವುದು ಎಂಬುದಕ್ಕೆ ಉತ್ತರ ದುಂಡವ್ವನಲ್ಲಿತ್ತು.

"ನೆಲಕ್ಕ ಯಾಕ ಹಾಕ್ತೀರಿ? ನಮ್ಮೂರಾಗ ಹೊರಸಿನ ಮ್ಯಾಲೆ ಸೀರಿ ಹಾಸಿ ಹಾಕ್ತೀವಿ. ಕೆಳಗೂ ಗಾಳಿ ಆಡತೈತಿ, ಲಗೂನ ಒಣಗತಾವು. ಮಳಿ ಬಂದ್ರ ಆ ಕಡೆ ಒಬ್ರು ಈ ಕಡೆ ಒಬ್ರು, ಎತ್ತಿ ಒಳಗ."

ಮನೆಯಲ್ಲಿ ಅತಿಥಿಗಳಿಗೆಂದು ಇಟ್ಟ ಮಡಚುವ ಮಂಚ ಎರಡಿದ್ದವು. ಪ್ರಿಯಾಂಕಾಳದು ಒಂದು. ಪಕ್ಕದ ಮನೆಗಳಿಂದ ಇನ್ನು ಮೂರು ಬಂದವು. ಮಹಡಿಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಗಲವಾದ ಶೀಟಿನ ಮಾಡು ಇತ್ತು. ದುಂಡವ್ವನ ಜೊತೆ ಖಾಲಿ ಮಂಚ ಹಿಡಿದು ಅಲ್ಲಿಗೆ ಓಡಿ ನೋಡಿದಳು ಚೂಡಾಮಣಿ. ಆರು ಮಂಚ, ಇಬ್ಬರು ಹೆಂಗಸರು, ಐದು ನಿಮಿಷ.

"ಮೂರು ಜನ ಆದ್ರೆ ಇನ್ನೂ ಬೇಗ" ಎಂದು ಗಂಡನ ಮುಖ ನೋಡಿದಳು.

"ನಂಗೆ ಸೊಂಟ..." ಎಂದ ರಾಮಪ್ರಸಾದ.

"ನಂಗೂ ಇದೆ ಸೊಂಟ. ಮೂವತ್ನಾಲ್ಕು ವರ್ಷದಿಂದ ಇದೆ."

ಮೊದಲ ದಿನ ಆರೂ ಕಾಲಿಗೆ ಒರಳು ಹಿಡಿದರು. ಹನ್ನೊಂದಕ್ಕೆ ಸಂಡಿಗೆಯ ಮೈ ಬಿಳುಪೇರಿತು. ಎರಡಕ್ಕೆ ಮಂಚಗಳನ್ನು ಮಾಡಿನ ಕೆಳಗಿಟ್ಟು ಟೇಬಲ್ ಫ್ಯಾನ್ ಹಾಕಿದರು. ಮೂರೂ ಮುಕ್ಕಾಲಿಗೆ ಮಳೆ ಸುರಿಯಿತು. ಚೂಡಾಮಣಿ ಮಾಡಿನ ಕೆಳಗೆ ಮೊಣಕಾಲು ಮಡಚಿ ಕೂತು, ದುಂಡವ್ವ ಕೊಟ್ಟ ಶೇಂಗಾ ಹೋಳಿಗೆ ಮುರಿದು ತಿನ್ನುತ್ತ ಮಳೆ ನೋಡಿದಳು. ಮಳೆ ಇಷ್ಟು ಚೆಂದ ಎಂದು ಅವಳಿಗೆ ನೆನಪೇ ಇರಲಿಲ್ಲ. ನೆನೆಯುತ್ತ ಓಡುವವರಿಗೆ ಅದು ಕಾಣುವುದೂ ಇಲ್ಲ.

ಕೆಳಗೆ ಬಂದರೆ ರಾಮಪ್ರಸಾದ ಗೆದ್ದವನ ಮುಖ ಮಾಡಿಕೊಂಡಿದ್ದ. "ನೋಡ್ದ್ಯಾ? ಅರವತ್ತು ಅಂತ ಇತ್ತು, ಬಂದೇ ಬಂತು!"

"ಬರ್ಲಿ ಬಿಡಿ. ಅದೂ ಸರಿಯಾಗೇ ಹೇಳ್ತು, ನಾವೂ ಸರಿಯಾಗೇ ತೆಗೆದ್ವಿ" ಎಂದಳು.

ಹೀಗೆ ಎರಡು ದಿನಕ್ಕೊಂದು ಏಳು ಕಿಲೋ ಒಣಗಿ ಡಬ್ಬ ಸೇರಿತು. ಎರಡು ಕಂತು ಮುಗಿದವು. ಮೂರನೆಯದನ್ನು ಹಾಕಿದ ದಿನ ಹಬ್ಬಕ್ಕೆ ಮೂರೇ ದಿನ ಉಳಿದಿತ್ತು. ಅದು ಹಾಳಾದರೆ ಮತ್ತೆ ಅಕ್ಕಿ ನೆನೆಸಲು ಹೊತ್ತಿರಲಿಲ್ಲ. ಇಪ್ಪತ್ತು ಕಿಲೋ ಎಂದ ಮೇಲೆ ಹದಿನಾಲ್ಕು ಕೊಟ್ಟರೆ ನಿಂಗರಾಜ ತುಮಕೂರಿನವರಿಗೆ ಫೋನು ಮಾಡುವುದು ಖಂಡಿತ.

ಅಂದು ಸೆಖೆ ಬೇರೆ ಥರ ಇತ್ತು. ಹನ್ನೆರಡೂವರೆಗೆ ಚೂಡಾಮಣಿ ಗಂಡನಿಗೆ ಅನ್ನ ಬಡಿಸಿ, ತಾನು ಊಟಕ್ಕೆ ಕೂರದೆ ಮೇಲೆ ಹೋದಳು. ಬನ್ನೇರುಘಟ್ಟದ ದಿಕ್ಕು ಸ್ಲೇಟಿನ ಬಣ್ಣಕ್ಕೆ ತಿರುಗಿತ್ತು. ಹಕ್ಕಿಗಳ ಸದ್ದಿಲ್ಲ. ಗಾಳಿ ನಿಂತೇ ಹೋಗಿ, ಆಮೇಲೆ ಒಮ್ಮೆಲೇ ತಣ್ಣಗೆ ಮುಖಕ್ಕೆ ಹೊಡೆಯಿತು.

ಐವತ್ತೆರಡರಲ್ಲಿ ನಾಲ್ಕು. ಅದರಲ್ಲಿ ಒಂದು ಇವತ್ತೇ.

"ದುಂಡವ್ವಾ! ರೀ! ಬನ್ನಿ ಮೇಲೆ!" ಎಂದು ಮೆಟ್ಟಿಲ ಬಾಯಿಗೆ ಕೂಗಿದಳು.

ದುಂಡವ್ವ ಸೀರೆ ಎತ್ತಿ ಕಟ್ಟಿಕೊಂಡು ಎರಡೆರಡು ಮೆಟ್ಟಿಲು ಹಾರಿ ಬಂದಳು. ಅವಳ ಹಿಂದೆ, ಬನಿಯನ್ನಿನಲ್ಲಿ, ಬಲಗೈಯೆಲ್ಲ ಹುಳಿ ಮೆತ್ತಿದ ರಾಮಪ್ರಸಾದ.

"ಕೈ ತೊಳೆದಿಲ್ಲ ಚೂಡಾ!"

"ಮಳೆ ತೊಳೆಯುತ್ತೆ. ಆ ತುದಿ ಹಿಡೀರಿ!"

ಮೊದಲ ಮಂಚ ಮಾಡಿನೊಳಗೆ ಹೋಯಿತು. ಎರಡನೆಯದು. ಮೂರನೆಯದನ್ನು ರಾಮಪ್ರಸಾದ ಓರೆಯಾಗಿ ಎತ್ತಿದ, ಸಂಡಿಗೆ ಸೀರೆಯ ಮೇಲೆ ಒಂದು ಕಡೆಗೆ ಸರಿಯತೊಡಗಿತು.

"ಮಟ್ಟ ಹಿಡೀರಿ ಸಾಹೇಬ್ರ, ಪಲ್ಲಕ್ಕಿ ಹೊತ್ತಂಗ!" ಎಂದು ದುಂಡವ್ವ ಕಿರುಚಿದಳು. "ದೇವ್ರು ಬಿದ್ದೀತು!"

ಅವನು ಮಟ್ಟ ಹಿಡಿದ. ನಾಲ್ಕು. ಐದು. ಆರನೆಯ ಮಂಚದ ಕಾಲು ಕೊಳಾಯಿ ಪೈಪಿಗೆ ಸಿಕ್ಕಿತು. ದಪ್ಪ ಹನಿಗಳು ಸಿಮೆಂಟಿನ ಮೇಲೆ ನಾಣ್ಯದಷ್ಟು ಅಗಲಕ್ಕೆ ಬೀಳತೊಡಗಿದವು. ಚೂಡಾಮಣಿ ಮಂಚದ ಮೇಲೆ ಬೆನ್ನು ಬಾಗಿಸಿ ತನ್ನ ಸೆರಗನ್ನು ಅದರ ಮೇಲೆ ಹರಡಿ ನಿಂತಳು, ದುಂಡವ್ವ ಕಾಲು ಬಿಡಿಸಿದಳು, ರಾಮಪ್ರಸಾದ ಎಳೆದ. ಮೂವರೂ ಮಂಚವೂ ಒಟ್ಟಿಗೆ ಮಾಡಿನೊಳಗೆ ಬಿದ್ದರು ಎನ್ನಬೇಕು. ಮರುಕ್ಷಣ ಆಕಾಶ ಕಳಚಿಕೊಂಡಿತು.

ಶೀಟಿನ ಮೇಲೆ ಬೀಳುವ ಮಳೆಯ ಅಬ್ಬರದಲ್ಲಿ ಕೂಗದೆ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಚೂಡಾಮಣಿ ಒಂದೊಂದೇ ಮಂಚವನ್ನು ಮುಟ್ಟಿ ನೋಡಿದಳು. ಕೊನೆಯ ಮಂಚದ ಅಂಚಿನಲ್ಲಿ ಒಂದು ಹಿಡಿಯಷ್ಟು ಒದ್ದೆಯಾಗಿತ್ತು. ಉಳಿದದ್ದಕ್ಕೆ ಒಂದು ಹನಿಯೂ ತಾಗಿರಲಿಲ್ಲ. ಅವಳು ಜೋರಾಗಿ ನಕ್ಕುಬಿಟ್ಟಳು. ದುಂಡವ್ವ ನಕ್ಕಳು. ಹುಳಿ ಮೆತ್ತಿದ ಕೈಯನ್ನು ಸೂರಿನ ನೀರಿಗೆ ಹಿಡಿದಿದ್ದ ರಾಮಪ್ರಸಾದ, ಏದುಸಿರಿನ ನಡುವೆ ಕೂಗಿ ಕೇಳಿದ:

"ದಿನಾ ಹಿಂಗೇ ಇರ್ತಿತ್ತಾ ಇಲ್ಲಿ ಮೇಲೆ?"

"ದಿನಾ ಇಲ್ಲ" ಎಂದಳು ಚೂಡಾಮಣಿ. "ನೀವು ಬಿಸಿಲು ಅಂತ ಹೇಳಿದ ದಿನ ಮಾತ್ರ."

ಆ ಸಂಜೆ ಪಾರ್ಕಿನಲ್ಲಿ ಅವನು ಹವಾಮಾನ ಹೇಳಲಿಲ್ಲವಂತೆ. ಮಂಚ ಮಟ್ಟ ಹಿಡಿಯುವುದು ಹೇಗೆ ಎಂದು ಹೇಳಿದನಂತೆ.

ಬಸವ ಜಯಂತಿಯ ಬೆಳಿಗ್ಗೆ ಚೂಡಾಮಣಿ, ದುಂಡವ್ವ ಇಬ್ಬರೂ ಆಟೋದಲ್ಲಿ ಬಿಟಿಎಂ ಅಂಗಡಿಗೆ ಹೋದರು. ಇಪ್ಪತ್ತು ಕಿಲೋ ಮೇಲೆ ಒಂದು ಹಿಡಿ ಹೆಚ್ಚೇ ಇತ್ತು. ನಿಂಗರಾಜ ಅಲ್ಲೇ ಎಣ್ಣೆ ಕಾಯಿಸಿ ಒಂದನ್ನು ಬಿಟ್ಟ. ಅದು ಮಲ್ಲಿಗೆ ಅರಳಿದ ಹಾಗೆ ಅರಳಿತು. ಅವನು ಕಡಿದ ಸದ್ದು ಬಾಗಿಲ ಹೊರಗೆ ನಿಂತವರಿಗೂ ಕೇಳಿಸಿರಬೇಕು.

"ಸೂಪರ್ ಅಮ್ಮ! ಲೇಬಲ್ ಮಾಡಿಸ್ತೀನಿ. ಅಜ್ಜಿ ಕೈರುಚಿ ಅಂತ ಹಾಕೋಣ್ವಾ?"

"ಯಾರ ಅಜ್ಜಿ?" ಎಂದಳು ಚೂಡಾಮಣಿ. "ಮಾಡಿದವರಿಗೆ ಹೆಸರಿದೆಯಪ್ಪ. ಚೂಡಾಮಣಿ, ದುಂಡವ್ವ. ಎರಡೂ ಹಾಕು."

ನಿಂಗರಾಜ ತಲೆ ಕೆರೆದುಕೊಂಡು ಬರೆದುಕೊಂಡ. "ಸರಿ ಹಂಗಾದ್ರೆ, ಮೇ ತಿಂಗಳಿಗೆ ಐವತ್ತು ಕಿಲೋ?"

"ಮೇನಲ್ಲಿ ಆಗಲ್ಲ."

ಇಷ್ಟು ದಿನ ಯಾರಿಗೂ ಆಗಲ್ಲ ಎಂದು ಹೇಳಿ ಗೊತ್ತಿಲ್ಲದ ಅವಳ ಬಾಯಲ್ಲಿ ಆ ಮಾತು ಸಲೀಸಾಗಿ ಬಂತು.

"ಮೇನಲ್ಲಿ ನಮ್ಮ ಮಹಡಿಗೆ ಈಚೆಗೆ ಮಳೆಗೆ ಹೊತ್ತಿಲ್ಲ ಗೊತ್ತಿಲ್ಲ, ಬೆಳಿಗ್ಗೇನೂ ಬರುತ್ತೆ. ಕ್ಯಾಲೆಂಡರ್ ನೋಡಿದ್ದೀನಿ. ಫೆಬ್ರವರಿಯಲ್ಲಿ ಕೊಡ್ತೀನಿ. ಐವತ್ತಲ್ಲ, ನೂರು."

"ಫೆಬ್ರವರಿಯಲ್ಲಾ? ಯುಗಾದಿ ಹತ್ರ ಬರ್ದೆ ಯಾರಾದ್ರೂ ಸಂಡಿಗೆ ಹಾಕ್ತಾರಾ ಅಮ್ಮ?"

"ಯುಗಾದಿ ಇದ್ದಲ್ಲೇ ಇದೆ. ಬಿಸಿಲು ಜಾಗ ಬದಲಾಯಿಸಿದೆ. ನಾವು ಬಿಸಿಲಿನ ಹಿಂದೆ ಹೋಗ್ಬೇಕು."

"ಅವಾಗ ಮಳೆ ಬರಲ್ಲ ಅಂತ ಗ್ಯಾರಂಟಿನಾ?"

"ಗ್ಯಾರಂಟಿ ಕೊಡೋರು ಬೇಕಿದ್ರೆ ಬೇರೆಯವರನ್ನ ನೋಡ್ಕೋ. ಏಳು ವರ್ಷದಲ್ಲಿ ಎರಡು ದಿನ ಬಂದಿದೆ. ಆ ಎರಡು ದಿನಕ್ಕೆ ಮಂಚ ಇದೆ, ಎತ್ತೋಕೆ ಮೂರು ಜನ ಇದ್ದೀವಿ."

ನಿಂಗರಾಜ ಫೆಬ್ರವರಿ ಎಂದು ಬರೆದು ಅದರ ಕೆಳಗೆ ಗೆರೆ ಎಳೆದ.

ಖಾಲಿ ಡಬ್ಬಗಳನ್ನು ಹಿಡಿದು ರಸ್ತೆಗೆ ಇಳಿದಾಗ ದುಂಡವ್ವ ಹಣೆ ಚಚ್ಚಿಕೊಂಡಳು. "ಥಂಡ್ಯಾಗ ಸಂಡಿಗಿ! ನಮ್ಮೂರಾಗ ಕೇಳಿದ್ರ ಬಿದ್ದು ಬಿದ್ದು ನಗ್ತಾರ್ರೀ ಅಕ್ಕಾರ."

"ನಗ್ಲಿ ಬಿಡು ದುಂಡವ್ವ" ಎಂದು ಚೂಡಾಮಣಿ ಆಟೋಗೆ ಕೈ ಮಾಡಿದಳು. "ನಕ್ಕವರ ವಿಳಾಸ ಬರ್ಕೊಂಡು ಬಾ. ಮನೆಗೊಂದು ಪ್ಯಾಕೆಟ್ ಕಳಿಸೋಣ."